ಅರ್ಧ ಗ್ರಾಮಿನ ಪೆಲೆಟ್, ಇಪ್ಪತ್ತು ಗ್ರಾಮಿನ ಬಟ್ಟು

ಏರ್ ರೈಫಲ್ ಪೆಲೆಟ್ (ಸೀಸದ ಸಣ್ಣ ಗುಂಡು) ತೂಗಿ, ಒಂದೇ ತೂಕದವನ್ನು ವಿಂಗಡಿಸೋದಕ್ಕೆ ನನ್ನ ಹತ್ತಿರ ಅಂಗೈ ಅಗಲದ ಒಂದು ಡಿಜಿಟಲ್ ತಕ್ಕಡಿ ಇದೆ. 50 ಗ್ರಾಂವರೆಗೆ ತೂಗುತ್ತದೆ, 0.001 ಗ್ರಾಂವರೆಗೆ ಅಂಕಿ ತೋರಿಸುತ್ತದೆ. ಜೊತೆಗೆ ಕೊಟ್ಟ 20 ಗ್ರಾಂ ಬಟ್ಟು ಇಟ್ಟು 20.000 ಬಂದ ಕೂಡಲೇ ತುಂಬಾ ಜನ ತಕ್ಕಡಿ ಸರಿಯಿದೆ ಅಂತ ನಂಬಿಬಿಡುತ್ತಾರೆ. ಆದರೆ ನಾವು ತೂಗೋದು 20 ಗ್ರಾಂ ಅಲ್ವಲ್ಲ! ಸ್ಪರ್ಧೆಗೆ ಬಳಸುವ 4.5 ಮಿ.ಮೀ. ಮ್ಯಾಚ್ ಪೆಲೆಟ್ ತೂಕ ಸುಮಾರು 0.53 ಗ್ರಾಂ. ನನಗೆ ಬೇಕಾಗಿದ್ದು ಅಲ್ಲಿನ ಲೆಕ್ಕ.

ಮೊದಲು ಜಾಗ. ಮರದ ಮೇಜಿನ ಮೇಲೆ ಮೊಣಕೈ ಊರಿದರೂ ಅಂಕಿ ಓಡಾಡುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ಗಟ್ಟಿ ಅಂದರೆ ಅಡುಗೆಮನೆ ಕಟ್ಟೆ, ಆದರೆ ಪೆಲೆಟ್ ಸೀಸದ್ದು, ಅಲ್ಲಿಗೆ ತರಲೇಬಾರದು. ಹಾಗಾಗಿ ರೂಮಿನ ಕಡಪ ಕಲ್ಲಿನ ಶೆಲ್ಫ್. ಮಾರ್ಚ್ ಸೆಖೆಯಲ್ಲೂ ಫ್ಯಾನ್ ಆಫ್, ಮೊಬೈಲ್ ದೂರ. ಅರ್ಧ ಗಂಟೆ ಮುಂಚೆ ತಕ್ಕಡಿ, ಬಟ್ಟು ಎರಡನ್ನೂ ಅಲ್ಲೇ ಇಟ್ಟು ತಕ್ಕಡಿ ಆನ್ ಮಾಡಿರುತ್ತೇನೆ. ಒಳಗೆ ಲೋಡ್ ಸೆಲ್ ಇರುತ್ತದೆ. ಭಾರಕ್ಕೆ ಒಂದು ಲೋಹದ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ಗೇಜ್ ಆ ಬಾಗನ್ನು ಅಳೆಯುತ್ತದೆ. ಬಿಸಿ ಏರಿಳಿದರೆ ಅಂಕಿಯೂ ಏರಿಳಿಯುತ್ತದೆ.

ಕಂಪನಿಯಲ್ಲೇ ಸರಿಮಾಡಿ ಕಳಿಸಿರುತ್ತಾರಲ್ಲ ಅಂತ ಕೇಳುವವರಿದ್ದಾರೆ. ಲೋಡ್ ಸೆಲ್ ಅಳೆಯೋದು ಭೂಮಿ ಎಳೆಯುವ ಬಲವನ್ನು, ಅದು ಎಲ್ಲ ಊರಲ್ಲೂ ಒಂದೇ ಅಲ್ಲ. ನಮ್ಮ ಮೈಸೂರು ಸಮಭಾಜಕ ವೃತ್ತಕ್ಕೆ ಹತ್ತಿರ, ಜೊತೆಗೆ ಸಮುದ್ರಮಟ್ಟದಿಂದ 760 ಮೀಟರ್ ಆಸುಪಾಸು ಎತ್ತರ. ಬೀಜಿಂಗ್‌ನಲ್ಲಿ ಸರಿಮಾಡಿದ ತಕ್ಕಡಿಯನ್ನು ಇಲ್ಲಿ ಹಾಗೇ ಬಳಸಿದರೆ ಶೇ. 0.2ರಷ್ಟು ಕಡಿಮೆ ತೋರಿಸುತ್ತದೆ. 20 ಗ್ರಾಮಿಗೆ 40 ಮಿಲಿಗ್ರಾಂ! ಅದಕ್ಕೇ ಬಳಸುವ ಜಾಗದಲ್ಲೇ ಕ್ಯಾಲಿಬ್ರೇಟ್ ಮಾಡಬೇಕು. ಕೆಲಸ ಸುಲಭ: ಕ್ಯಾಲ್ ಬಟನ್ ಒತ್ತಿ ಹಿಡಿದು, ಅದು ಕೇಳಿದ ಬಟ್ಟನ್ನು ಚಿಮಟದಲ್ಲಿ ನಡುಮಧ್ಯ ಇಟ್ಟರೆ ಆಯಿತು. ಬೆರಳಲ್ಲಿ ಮುಟ್ಟಬೇಡಿ, ಬೆವರು ಜಿಡ್ಡು ಅಂಟುತ್ತದೆ.

ಆದರೆ ಆ ಬಟ್ಟೇ ಸರಿಯಿದೆ ಅಂತ ಹೇಳುವವರು ಯಾರು? ಅಶೋಕ ರಸ್ತೆ ಕಡೆ ಚಿನ್ನದ ಕೆಲಸ ಮಾಡುವ ಪರಿಚಯದ ಆಚಾರ್ರೊಬ್ಬರಿದ್ದಾರೆ. ಅವರ ಬಟ್ಟು, ತಕ್ಕಡಿಗೆ ಸರ್ಕಾರದ ಸೀಲ್ ಆಗಿರುತ್ತದೆ. ನನ್ನ ತಕ್ಕಡಿ ನೋಡಿ, "ಏನ್ ಸ್ವಾಮಿ, ಸೀಸ ತೂಗೋಕೆ ಚಿನ್ನದ ತಕ್ಕಡಿನಾ?" ಅಂತ ನಕ್ಕರು. ಆಮೇಲೆ, "ಇಪ್ಪತ್ತು ಗ್ರಾಂ ಸರಿ ಬಂದ್ರೆ ಏನ್ ಬಂತು? ನಿಮ್ಮ ಮಾಲು ಎಷ್ಟಿದ್ಯೋ ಅಷ್ಟರಲ್ಲಿ ನೋಡಿ" ಅಂದರು. ಡಬ್ಬಿಯಿಂದ 500 ಮಿಲಿಗ್ರಾಂ ಬಟ್ಟು ತೆಗೆದರು. ತೆಳ್ಳನೆ ತಗಡಿನ ಚೂರು, ಚಿಮಟಕ್ಕೆ ಸಿಗಲಿ ಅಂತ ಒಂದು ಮೂಲೆ ಮೇಲಕ್ಕೆ ಮಡಚಿರುತ್ತದೆ. ಅದನ್ನಿಟ್ಟಾಗ 0.498 ಬಂತು. ಎತ್ತಿ ಮತ್ತೆ ಇಟ್ಟರೂ 0.498. ಅದೇ ತಕ್ಕಡಿ 20 ಗ್ರಾಮಿಗೆ 20.000 ತೋರಿಸುತ್ತಿತ್ತು.

ಹೀಗೆ ಎರಡು ಮಿಲಿಗ್ರಾಂ ಕಡಿಮೆ ತೋರಿಸಿದರೆ ನನಗೆ ತಲೆಬಿಸಿ ಇಲ್ಲ. ಪೆಲೆಟ್ ವಿಂಗಡಿಸೋಕೆ ನಿಜವಾದ ತೂಕಕ್ಕಿಂತ ಅಂಕಿ ಒಂದೇ ಥರ ಬರೋದು ಮುಖ್ಯ. ಅದೇ ಬಟ್ಟು ಒಮ್ಮೆ 0.498, ಇನ್ನೊಮ್ಮೆ 0.503 ಅಂದರೆ ಮಾತ್ರ ಕಷ್ಟ. ನಾನೂ 500 ಮಿಲಿಗ್ರಾಮಿನ ಒಂದು ಎಫ್1 ದರ್ಜೆ (ಬಟ್ಟಿನ ನಿಖರತೆಯ ದರ್ಜೆ) ಬಟ್ಟು ಕೊಂಡೆ. ಅದರಲ್ಲಿ ಹೆಚ್ಚುಕಡಿಮೆ 0.025 ಮಿಲಿಗ್ರಾಂ ದಾಟುವಂತಿಲ್ಲ. ಅದಕ್ಕಿಂತ ಕೆಳಗಿನ ಎಂ1 ದರ್ಜೆಯಲ್ಲಾದರೆ 0.25ರವರೆಗೆ ಬಿಡುತ್ತಾರೆ. ತೂಗಲು ಶುರುಮಾಡುವಾಗ, ನಡುನಡುವೆ, ಮುಗಿಸುವಾಗ ಅದನ್ನು ಇಟ್ಟು ನೋಡುತ್ತೇನೆ. ಅಂಕಿ ಜಾರಿದ್ದರೆ ಹಿಂದೆ ತೂಗಿದ್ದನ್ನೂ ಮತ್ತೆ ತೂಗಬೇಕು, ಬೇರೆ ದಾರಿಯಿಲ್ಲ. ನಾಣ್ಯ ಇಟ್ಟು ನೋಡುವವರೂ ಇದ್ದಾರೆ. ಬೇಡ, ಸವೆದ ನಾಣ್ಯ ಏನು ಹೇಳೀತು?

ಅಮೆರಿಕದಲ್ಲಿ ತಾವೇ ತೋಟಾ ತುಂಬುವವರು ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಗ್ರೇನ್ ಅಂದರೆ 64.8 ಮಿಲಿಗ್ರಾಂ. (ನಮ್ಮಲ್ಲಿ ತೋಟಾ ತಯಾರಿಸಲು ಪರವಾನಗಿ ಬೇಕು, ಸುಮ್ನೆ ಕೈ ಹಾಕುವ ವಿಷಯವಲ್ಲ.) ಅವರಿಗೆ ಇನ್ನೊಂದು ಕಾಟ ಇದೆ. ಸೊನ್ನೆ ಅಲುಗಾಡದಿರಲಿ ಅಂತ ಇಂಥ ತಕ್ಕಡಿಗಳು ಸಣ್ಣ ಸಣ್ಣ ಬದಲಾವಣೆಯನ್ನು ನುಂಗಿಹಾಕುತ್ತವೆ. ಕಾಳು ಕಾಳಾಗಿ ಉದುರಿಸಿದ ಮದ್ದು ತಟ್ಟೆಯಲ್ಲಿದ್ದರೂ ಅಂಕಿ ಏರದೇ ಇರಬಹುದು. ತಟ್ಟೆ ಪೂರ್ತಿ ಎತ್ತಿ ಮತ್ತೆ ಇಟ್ಟರೆ ಅಸಲಿ ಅಂಕಿ ಬರುತ್ತದೆ. ಪೆಲೆಟ್ ಒಂದೇ ಸಲ ಬೀಳುವುದರಿಂದ ನಮಗೆ ಆ ತೊಂದರೆ ಕಡಿಮೆ. ಗ್ರಾಂ, ಕ್ಯಾರೆಟ್, ಗ್ರೇನ್ ಮೂರಕ್ಕೂ ಒಂದೇ ಬಟನ್ ಅನ್ನೋದು ಮಾತ್ರ ನೆನಪಿರಲಿ. ಕೈ ತಾಗಿದರೆ 0.53 ಗ್ರಾಂ ಇದ್ದದ್ದು ಕ್ಯಾರೆಟ್‌ನಲ್ಲಿ 2.65 ಆಗಿರುತ್ತದೆ.

ಇಷ್ಟೆಲ್ಲ ಮಾಡಿದರೆ ಗುರಿ ಸುಧಾರಿಸುತ್ತಾ? ಒಳ್ಳೆ ಮ್ಯಾಚ್ ಪೆಲೆಟ್‌ನಲ್ಲಿ ಜಾಸ್ತಿ ವ್ಯತ್ಯಾಸ ನನಗೆ ಕಂಡಿಲ್ಲ. ರೈಫಲ್‌ಗೆ ಒಗ್ಗುವ ಬ್ಯಾಚ್ ಹುಡುಕೋದೇ ಮೇಲು. ಅಗ್ಗದ ಡಬ್ಬಿಯಲ್ಲಿ ಮಾತ್ರ ತೂಗಿದ ಶ್ರಮ ಸಾರ್ಥಕ. ಹತ್ತು ಮೀಟರ್ ದೂರದ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ. ಹಗುರದ್ದೊಂದು, ಭಾರದ್ದೊಂದು ಬೆರೆತರೆ ಅಲ್ಲಿ ಗೊತ್ತಾಗುತ್ತದೆ.

ಕೊನೆಗೆ ಒಂದು ಮಾತು. 500 ಪೆಲೆಟ್‌ನ ಡಬ್ಬಿ ಎಷ್ಟಿದೆ ನೋಡೋಣ ಅಂತ ಇದರ ಮೇಲೆ ಇಡಬೇಡಿ. ಒಳಗಿನ ಮಾಲೇ 265 ಗ್ರಾಂ ಆಗುತ್ತದೆ. 50 ಗ್ರಾಮಿನ ಲೋಡ್ ಸೆಲ್ ಒಮ್ಮೆ ಶಾಶ್ವತವಾಗಿ ಬಾಗಿತೆಂದರೆ ಯಾವ ಕ್ಯಾಲಿಬ್ರೇಷನ್‌ಗೂ ಬಗ್ಗೋದಿಲ್ಲ.