ತಾಳಮದ್ದಳೆಯ ಧ್ವನಿಮುದ್ರಣವನ್ನು ಬ್ರೌಸರಿನಲ್ಲೇ ಕತ್ತರಿಸುವುದು ಹೇಗೆ?

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಊರುಗಳಲ್ಲಿ ತಾಳಮದ್ದಳೆಯ, ಅಂದರೆ ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನದ ಕಾಲ ಆರಂಭವಾಗುತ್ತದೆ. ದೇವಸ್ಥಾನದ ಪೌಳಿಯಲ್ಲೋ ಮನೆಯ ಜಗುಲಿಯಲ್ಲೋ ಕೂಟ ಸೇರುತ್ತದೆ. ಯಾರಾದರೊಬ್ಬರು ಪದ್ಯ ಹಾಡುವ ಭಾಗವತರ ಹತ್ತಿರ ಮೊಬೈಲನ್ನು ಇಟ್ಟು ಮೊದಲಿನಿಂದ ಕೊನೆಯವರೆಗೆ ಮುದ್ರಿಸಿಕೊಳ್ಳುತ್ತಾರೆ. ಮರುದಿನ ಕೈಗೆ ಸಿಗುವುದು ಮೂರೂವರೆ ತಾಸಿನ ಒಂದು ಫೈಲು. ಅದರಲ್ಲಿ ಸ್ವಾಗತ ಭಾಷಣವಿದೆ, ಕುರ್ಚಿ ಎಳೆದ ಸದ್ದಿದೆ, ಚಹಾದ ಲೋಟಗಳಿವೆ. ನಡುವೆಲ್ಲೋ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ವಾಲಿ ರಾಮನನ್ನು ಕೇಳುವ ಹನ್ನೆರಡು ನಿಮಿಷಗಳ ಅಪೂರ್ವ ಮಾತುಗಾರಿಕೆಯೂ ಇದೆ. ಕೇಳುವವರಿಗೆ ಬೇಕಾದದ್ದು ಆ ಹನ್ನೆರಡು ನಿಮಿಷ. ಅದನ್ನು ಕೆಡದಂತೆ ಬೇರ್ಪಡಿಸುವ ಕೆಲಸಕ್ಕೆ ಈಗ ದುಬಾರಿ ತಂತ್ರಾಂಶ ಬೇಕಿಲ್ಲ. ಲ್ಯಾಪ್‌ಟಾಪಿನ ಬ್ರೌಸರ್ ಸಾಕು.

ಬ್ರೌಸರಿಗೆ ಈ ಸಾಮರ್ಥ್ಯ ಬಂದದ್ದು ವೆಬ್ ಆಡಿಯೋ ಎಂಬ ವ್ಯವಸ್ಥೆಯಿಂದ. ಹಲವು ವರ್ಷಗಳ ಬಳಕೆಯ ನಂತರ 2021ರಲ್ಲಿ ಅದು ಜಾಲದ ಅಧಿಕೃತ ಮಾನದಂಡವಾಯಿತು. ಪುಟ ಒಮ್ಮೆ ತೆರೆದುಕೊಂಡ ಮೇಲೆ ಧ್ವನಿಯನ್ನು ಬಿಡಿಸುವುದು, ಅಲೆಗಳಾಗಿ ಚಿತ್ರಿಸುವುದು, ಕತ್ತರಿಸುವುದು ಎಲ್ಲವೂ ನಮ್ಮ ಯಂತ್ರದೊಳಗೇ ನಡೆಯಬಲ್ಲವು. ಆಡಿಯೋಮಾಸ್ ಈ ಬಗೆಯ ಉಚಿತ, ಮುಕ್ತ ಆಕರದ ಸಂಪಾದಕ. ಹೊಸಬರಿಗೆ ಇದು ಸುಲಭ. 2000ದಲ್ಲಿ ಮೊದಲು ಬಿಡುಗಡೆಯಾದ ಆಡಾಸಿಟಿಯನ್ನು ಬಳಸಿ ಅಭ್ಯಾಸವಿದ್ದವರು, ಅದನ್ನೇ ಬ್ರೌಸರಿಗೆ ಹೊಂದಿಸಿದ ವೇವಾಸಿಟಿಯನ್ನು ತೆರೆಯಬಹುದು.

ಫೈಲನ್ನು ತಮ್ಮ ಸರ್ವರಿಗೆ ತರಿಸಿಕೊಂಡು ಅಲ್ಲಿ ಕತ್ತರಿಸಿ ಹಿಂದಿರುಗಿಸುವ ತಾಣಗಳೂ ಇವೆ. ಹಿರಿಯರ ದನಿ, ಪದ್ಯಗಳ ನಡುವೆ ಮನೆಯವರು ಆಡಿಕೊಂಡ ಮಾತು, ಯಾರದೋ ಫೋನ್ ನಂಬರು, ಇವೆಲ್ಲ ಇರುವ ಮುದ್ರಣವನ್ನು ಗುರುತಿಲ್ಲದ ಯಂತ್ರಕ್ಕೆ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ತಾಣ ಯಾವ ಬಗೆಯದೆಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಪುಟ ಪೂರ್ತಿ ತೆರೆದುಕೊಂಡ ಮೇಲೆ ವೈಫೈ ಆರಿಸಿ, ಚಿಕ್ಕ ಫೈಲೊಂದನ್ನು ಅದರೊಳಗೆ ಹಾಕಿ, ಕತ್ತರಿಸಿ, ಉಳಿಸಿ ನೋಡಿ. ಸಂಪರ್ಕವಿಲ್ಲದೆಯೂ ಕೆಲಸ ಮುಗಿದರೆ ಆ ಉಪಕರಣಕ್ಕೆ ನಿಮ್ಮ ಧ್ವನಿ ಹೊರಗೆ ಹೋಗಬೇಕಾದ ಅಗತ್ಯವಿಲ್ಲ ಎಂದಾಯಿತು. ದೇವಿಮನೆ ಘಟ್ಟದ ಆಚೀಚೆ ಸಿಗ್ನಲ್ ಕೈಕೊಡುವ ಊರುಗಳವರಿಗೆ ಇದರಿಂದ ಇನ್ನೊಂದು ಅನುಕೂಲ: ಪೇಟೆಯಲ್ಲಿ ಪುಟ ತೆರೆದುಕೊಂಡು ಬಂದರೆ, ಟ್ಯಾಬ್ ಮುಚ್ಚದಿರುವವರೆಗೆ ಮನೆಯಲ್ಲೂ ಕೆಲಸ ಮುಂದುವರಿಯುತ್ತದೆ.

ಹೆಚ್ಚಿನವರು ಎಡವುವುದು ಫೈಲಿನ ಗಾತ್ರದಲ್ಲಿ. ಮೂರೂವರೆ ತಾಸಿನ ಮುದ್ರಣ ಸೆಕೆಂಡಿಗೆ 128 ಕಿಲೋಬಿಟ್, ಅಂದರೆ 128 ಕೆಬಿಪಿಎಸ್‌ನಲ್ಲಿದ್ದರೆ ಡಿಸ್ಕಿನ ಮೇಲೆ ಅದು ಸುಮಾರು 200 ಎಂಬಿ ಮಾತ್ರ. ಆದರೆ ಸಂಪಾದಿಸುವಾಗ ಬ್ರೌಸರ್ ಸಂಕೋಚನವನ್ನೆಲ್ಲ ಬಿಡಿಸಿ, ಧ್ವನಿಯಿಂದ ಸೆಕೆಂಡಿಗೆ 44,100 ಬಾರಿ ತೆಗೆದ ಮಾದರಿಗಳನ್ನು ತಲಾ 4 ಬೈಟಿನಂತೆ ನೆನಪಿನಲ್ಲಿ ಹರಡಿಕೊಳ್ಳಬೇಕು. ಎರಡು ಚಾನೆಲ್‌ಗಳಿದ್ದರೆ ತಾಸಿಗೆ ಸುಮಾರು 1.27 ಜಿಬಿ, ಮೂರೂವರೆ ತಾಸಿಗೆ 4.4 ಜಿಬಿ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಆ ಟ್ಯಾಬ್ ಅರ್ಧದಲ್ಲೇ ಮುಚ್ಚಿಹೋಗುತ್ತದೆ, ತಪ್ಪು ಫೈಲಿನದಲ್ಲ. ಆದ್ದರಿಂದ ಮೊಬೈಲಿನ ರೆಕಾರ್ಡರಿನಲ್ಲೇ ಇರುವ ಟ್ರಿಮ್ ಸೌಲಭ್ಯದಿಂದ, ಬೇಕಾದ ಭಾಗದ ಆಚೆಗೂ ಈಚೆಗೂ ಐದೈದು ನಿಮಿಷ ಹೆಚ್ಚೇ ಬಿಟ್ಟು, ಅರ್ಧ ತಾಸಿನೊಳಗಿನ ತುಂಡೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಬೇಕು. ಬ್ರೌಸರಿಗೆ ಕೊಡಬೇಕಾದದ್ದು ಆ ತುಂಡನ್ನು.

ಬೇರೆ ಹೆಸರಿನಲ್ಲಿ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ ಅತ್ತೆ ಹಾಡಿದ ಹಸೆ ಹಾಡುಗಳ ಮುದ್ರಣವನ್ನು ಮೊಬೈಲಿನಲ್ಲಿ ಕತ್ತರಿಸಿ, ಅದೇ ಹೆಸರಿಗೆ ಉಳಿಸಿಬಿಟ್ಟೆ. ಎರಡು ಹಾಡುಗಳ ನಡುವೆ ಆಕೆ ತನ್ನ ತವರಿನ ಮದುವೆಯೊಂದನ್ನು ನೆನೆದು ಆಡಿದ್ದ ಮಾತು ಅದರೊಂದಿಗೆ ಅಳಿಸಿಹೋಯಿತು. ಈಗ ಅತ್ತೆಯೂ ಇಲ್ಲ. ಕೆಲಸ ಆರಂಭಿಸುವ ಮೊದಲೇ ಮೂಲ ಫೈಲಿನ ಪ್ರತಿಯನ್ನು ಪೆನ್‌ಡ್ರೈವಿನಲ್ಲೂ ಇನ್ನೊಂದು ಕಡೆಯಲ್ಲೂ ಇಡದೆ ಈಗ ನಾನು ಕತ್ತರಿಗೆ ಕೈ ಹಾಕುವುದಿಲ್ಲ.

ನಂತರ ಕಾಗದ, ಪೆನ್ನು ಹಿಡಿದು ಬೇರೆ ಮಾಡಿಟ್ಟ ತುಂಡನ್ನು ಪೂರ್ತಿ ಕೇಳಬೇಕು. ಎಲ್ಲಿ ಪದ್ಯ ಆರಂಭವಾಯಿತು, ಎಲ್ಲಿ ಅದರ ಅರ್ಥ, ಅಂದರೆ ಪಾತ್ರಧಾರಿಯ ಮಾತು, ಮುಗಿಯಿತು, ಎಲ್ಲಿ ಯಾರೋ ಕೆಮ್ಮಿದರು, ಎಲ್ಲಿ ಫೋನು ಹೊಡೆದುಕೊಂಡಿತು ಎಂಬುದನ್ನು ನಿಮಿಷ, ಸೆಕೆಂಡಿನ ಲೆಕ್ಕದಲ್ಲಿ ಬರೆದುಕೊಳ್ಳಬೇಕು. ಬೇಸರದ ಕೆಲಸವೆನಿಸಿದರೂ, ಹೀಗೆ ಗುರುತು ಮಾಡಿಕೊಂಡರೆ ಮುಂದಿನದು ಕಾಲು ತಾಸಿನಲ್ಲಿ ಮುಗಿಯುತ್ತದೆ.

ಫೈಲನ್ನು ಎಳೆದು ಪುಟದ ಮೇಲೆ ಬಿಟ್ಟರೆ ಧ್ವನಿಯ ಅಲೆಗಳು ತೆರೆದುಕೊಳ್ಳುತ್ತವೆ. ಅದನ್ನು ಓದಲು ಕಲಿಯುವುದು ಕಷ್ಟವಲ್ಲ. ಚಂಡೆಯ ಪೆಟ್ಟು ನೆಟ್ಟ ಗೂಟದಂತೆ ಥಟ್ಟನೆ ಎದ್ದು ಇಳಿಯುತ್ತದೆ. ಭಾಗವತರ ಎಳೆದ ದನಿ ಉದ್ದನೆಯ ದಪ್ಪ ಪಟ್ಟಿಯಾಗಿ ಕಾಣುತ್ತದೆ. ಅರ್ಥಧಾರಿಯ ಮಾತು ಸಣ್ಣ ಸಣ್ಣ ಗುಡ್ಡೆಗಳಾಗಿ, ನಡುವೆ ತಗ್ಗುಗಳನ್ನು ಬಿಟ್ಟು ಸಾಗುತ್ತದೆ. ಕತ್ತರಿ ಬೀಳಬೇಕಾದದ್ದು ಆ ತಗ್ಗುಗಳಲ್ಲಿ. ಗುರುತು ಮಾಡಿಕೊಂಡ ಜಾಗಕ್ಕೆ ಹೋಗಿ, ಒಂದೆರಡು ಸೆಕೆಂಡು ಮಾತ್ರ ಪರದೆ ತುಂಬುವಷ್ಟು ಹಿಗ್ಗಿಸಿಕೊಂಡು ನೋಡಬೇಕು.

ಆರಂಭವನ್ನು ಮೊದಲ ಅಕ್ಷರಕ್ಕೇ ಅಂಟಿಸಿ ಕತ್ತರಿಸಬಾರದು. ಮಾತನಾಡುವ ಮೊದಲು ಮನುಷ್ಯ ಉಸಿರು ತೆಗೆದುಕೊಳ್ಳುತ್ತಾನೆ. ಆ ಉಸಿರು ಹೋದರೆ ಮಾತು ಎಲ್ಲಿಂದಲೋ ಹಾರಿಬಂದಂತೆ ಕೇಳಿಸುತ್ತದೆ. ಅರ್ಧ ಸೆಕೆಂಡು ಬಿಟ್ಟರೆ ಸಾಕು. ಕೊನೆಯಲ್ಲಿ ಇನ್ನೂ ಧಾರಾಳವಾಗಿರಬೇಕು: ಪದ್ಯದ ಮುಕ್ತಾಯದ ಪೆಟ್ಟು, ಪೌಳಿಯ ಗೋಡೆಗೆ ಬಡಿದು ಕರಗುವ ಅದರ ಅನುರಣನ ಪೂರ್ತಿ ಇಳಿದ ಮೇಲೆಯೇ ಕೊನೆಯ ಗುರುತು.

ಇಷ್ಟಾದರೂ ಕೆಲವೊಮ್ಮೆ ಕತ್ತರಿಸಿದ ಜಾಗದಲ್ಲಿ ಚಿಟ್ ಎಂಬ ಸದ್ದು ಉಳಿಯುತ್ತದೆ. ಧ್ವನಿಯ ಅಲೆ ನಡುವಿನ ಶೂನ್ಯರೇಖೆಯ ಮೇಲೂ ಕೆಳಗೂ ಓಲಾಡುತ್ತಿರುತ್ತದೆ. ಅಲೆ ಎತ್ತರದಲ್ಲಿರುವಾಗ ಕತ್ತರಿಸಿ ಬೇರೆ ಎತ್ತರದ ಅಲೆಗೆ ಜೋಡಿಸಿದರೆ ಸ್ಪೀಕರಿನ ಪೊರೆ ಒಮ್ಮೆಲೇ ಜಿಗಿಯಬೇಕಾಗುತ್ತದೆ, ಆ ಜಿಗಿತವೇ ಈ ಸದ್ದು. ಅಲೆ ಶೂನ್ಯರೇಖೆಯನ್ನು ದಾಟುವ ಬಿಂದುವಿನಲ್ಲೇ ಕತ್ತರಿಸುವುದು ಇದಕ್ಕೆ ಪರಿಹಾರ. ವೇವಾಸಿಟಿಯಲ್ಲಿ ಭಾಗವನ್ನು ಆಯ್ದು ಝಡ್ ಕೀಲಿ ಒತ್ತಿದರೆ ಆಯ್ಕೆಯ ಎರಡೂ ಅಂಚುಗಳು ತಾವೇ ಹತ್ತಿರದ ಅಂಥ ಬಿಂದುಗಳಿಗೆ ಸರಿದು ಕೂರುತ್ತವೆ.

ಕತ್ತರಿಸುವುದರಲ್ಲಿ ಎರಡು ಬಗೆಯಿದೆ. ಅವೆರಡೂ ಒಂದಕ್ಕೊಂದು ವಿರುದ್ಧ. ಟ್ರಿಮ್ ಎಂದರೆ ಆಯ್ದದ್ದನ್ನು ಉಳಿಸಿ ಉಳಿದದ್ದನ್ನು ತೆಗೆಯುವುದು. ಡಿಲೀಟ್ ಎಂದರೆ ಆಯ್ದದ್ದನ್ನೇ ತೆಗೆಯುವುದು. ಹನ್ನೆರಡು ನಿಮಿಷವನ್ನು ಬೇರ್ಪಡಿಸಲು ಟ್ರಿಮ್, ನಡುವಿನ ಫೋನಿನ ಸದ್ದನ್ನು ತೆಗೆಯಲು ಡಿಲೀಟ್. ಆಡಾಸಿಟಿಯಲ್ಲಿ ಟ್ರಿಮ್‌ಗೆ ಕಂಟ್ರೋಲ್ ಮತ್ತು ಟಿ ಒತ್ತಿ ರೂಢಿಯಿರುವವರು ಗಮನಿಸಬೇಕು: ಬ್ರೌಸರಿನಲ್ಲಿ ಅದೇ ಕೀಲಿಗಳು ಹೊಸ ಟ್ಯಾಬ್ ತೆರೆಯುತ್ತವೆ, ಕಂಟ್ರೋಲ್ ಮತ್ತು ಡಬ್ಲ್ಯೂ ಒತ್ತಿದರಂತೂ ಕೆಲಸ ಮಾಡುತ್ತಿದ್ದ ಟ್ಯಾಬೇ ಮುಚ್ಚಿಹೋಗಬಹುದು. ಇಂಥವನ್ನು ಮೆನುವಿನಿಂದಲೇ ಮಾಡುವುದು ಕ್ಷೇಮ. ತಪ್ಪಿದರೆ ಕಂಟ್ರೋಲ್ ಮತ್ತು ಝಡ್ ಹಿಂದಿನ ಸ್ಥಿತಿಗೆ ಕರೆದೊಯ್ಯುತ್ತದೆ.

ನಡುವಿನ ಭಾಗ ತೆಗೆಯುವಾಗ ನಮ್ಮ ಕಡೆಯ ಮಳೆ ದೊಡ್ಡ ತೊಡಕು. ಹಂಚಿನ ಮೇಲೆ ಮಳೆ ಸುರಿಯುತ್ತಿದ್ದ ರಾತ್ರಿಯ ಮುದ್ರಣದಲ್ಲಿ ಮಾತಿನ ಹಿಂದೆ ಮಳೆಯ ದನಿ ಸದಾ ಇರುತ್ತದೆ. ಎರಡು ನಿಮಿಷ ತೆಗೆದು ತುದಿಗಳನ್ನು ಜೋಡಿಸಿದರೆ ಜಡಿಮಳೆ ಇದ್ದಕ್ಕಿದ್ದಂತೆ ಹನಿಮಳೆಯಾಗುತ್ತದೆ, ಕೇಳುಗನ ಗಮನ ಅರ್ಥದಿಂದ ಕಿತ್ತು ಆಚೆ ಹೋಗುತ್ತದೆ. ತೆಗೆದ ಜಾಗದಲ್ಲಿ ಪೂರ್ತಿ ಮೌನ ತುಂಬಿಸುವುದು ಇನ್ನೂ ಕೆಟ್ಟದ್ದು, ಅಲ್ಲಿ ದನಿ ಸತ್ತಂತೆ ಅನಿಸುತ್ತದೆ. ಚಿಕ್ಕ ಕೆಮ್ಮನ್ನು ಮುಚ್ಚಬೇಕಿದ್ದರೆ, ಅದೇ ಮುದ್ರಣದಲ್ಲಿ ಯಾರೂ ಮಾತನಾಡದೆ ಬರಿಯ ಮಳೆಯಿರುವ ಅಷ್ಟೇ ಉದ್ದದ ತುಣುಕನ್ನು ನಕಲಿಸಿ ಅಲ್ಲಿ ಅಂಟಿಸಬೇಕು. ದೊಡ್ಡ ಭಾಗ ತೆಗೆದಾಗ, ಹಿಂದಿನ ತುದಿ ಇಳಿಯುತ್ತಿರುವಂತೆಯೇ ಮುಂದಿನದು ಏರುವ ಹಾಗೆ ಒಂದೆರಡು ಸೆಕೆಂಡು ಒಂದರ ಮೇಲೊಂದು ಹಾಯಿಸಿದರೆ ಮಳೆ ತಾನಾಗಿ ಇಳಿದಂತೆ ತೋರುತ್ತದೆ. ಇದಕ್ಕೆ ಕ್ರಾಸ್‌ಫೇಡ್ ಎಂದು ಹೆಸರು. ಕಾರವಾರ, ಕುಮಟಾದ ಕಡಲಂಚಿನಲ್ಲಿ ಮುದ್ರಿಸಿದವರಿಗೆ ಗಾಳಿ, ತೆರೆಗಳ ವಿಷಯದಲ್ಲೂ ಇದೇ ಉಪಾಯ.

ಅರ್ಥಧಾರಿಯ ಮೌನಗಳಿಗೆ ಮಾತ್ರ ಕೈ ಹಚ್ಚಬೇಡಿ. ಕೆಲವು ಉಪಕರಣಗಳಲ್ಲಿ ನಿಶ್ಶಬ್ದ ಜಾಗಗಳನ್ನು ತಾನಾಗಿ ತೆಗೆದುಹಾಕುವ ಗುಂಡಿಯಿರುತ್ತದೆ. ಉಪನ್ಯಾಸದ ಟಿಪ್ಪಣಿಗೆ ಅದು ಸರಿ. ವಾಲಿ ಪ್ರಶ್ನೆ ಹಾಕಿದ ಮೇಲೆ ರಾಮನ ಪಾತ್ರಧಾರಿ ನಾಲ್ಕು ಸೆಕೆಂಡು ಸುಮ್ಮನಿದ್ದರೆ, ಆ ನಾಲ್ಕು ಸೆಕೆಂಡೂ ಅರ್ಥಗಾರಿಕೆಯೇ.

ಜನಪದ ಹಾಡುಗಳ ಮುದ್ರಣದಲ್ಲಿ ಇದೇ ಎಚ್ಚರ ಇನ್ನೊಂದು ರೀತಿಯಲ್ಲಿ ಬೇಕು. ಅಂಕೋಲಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ನೆನಪಿನಲ್ಲೇ ಉಳಿಸಿಕೊಂಡು ಹಾಡಿದ್ದಕ್ಕಾಗಿ. ಹಾಗೆ ನೆನಪಿನಿಂದ ಹಾಡುವವರು ಹಾಡಿಗೆ ಮೊದಲು, ಇದು ಯಾವ ಸಂದರ್ಭದ್ದು, ಯಾರಿಂದ ಕಲಿತದ್ದು ಎಂದು ಎರಡು ಮಾತು ಹೇಳುವುದುಂಟು. ಬೇರೆಲ್ಲೂ ಬರೆದಿಡದ ಮಾಹಿತಿ ಅದು. ಅದನ್ನು ಅನಗತ್ಯ ಪೀಠಿಕೆಯೆಂದು ಕತ್ತರಿಸದೆ ಹಾಡಿನ ಜೊತೆಗೇ ಉಳಿಸಬೇಕು. ತುಣುಕನ್ನು ಇತರರಿಗೆ ಹಂಚುವ ಮುನ್ನ ಹಾಡಿದವರನ್ನು, ಅರ್ಥ ಹೇಳಿದವರನ್ನು ಕೇಳುವುದೂ ಕೆಲಸದ ಭಾಗವೇ. ಭಾರತದ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕನ್ನು ಕೊಟ್ಟಿದೆ.

ಕತ್ತರಿಸಿದ ಮೇಲೆ ಆರಂಭದ ಕಾಲು ಸೆಕೆಂಡಿಗೆ ದನಿ ಮೆಲ್ಲನೆ ಏರುವ ಫೇಡ್ ಇನ್, ಕೊನೆಯ ಎರಡು ಸೆಕೆಂಡಿಗೆ ಮೆಲ್ಲನೆ ಇಳಿಯುವ ಫೇಡ್ ಔಟ್ ಕೊಡಬೇಕು.

ಉಳಿಸುವಾಗ ಎಂಪಿ3 ಆಯ್ದರೆ ಪ್ರತಿ ಸಲವೂ ಧ್ವನಿ ಮತ್ತೊಮ್ಮೆ ಸಂಕೋಚನಗೊಂಡು ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಹಾಗಾಗಿ ಎಂಪಿ3ಯನ್ನು ಮತ್ತೆ ಮತ್ತೆ ತೆರೆದು ಕತ್ತರಿಸದೆ, ಕೆಲಸವೆಲ್ಲ ಮುಗಿದ ಮೇಲೆ ಒಂದೇ ಬಾರಿ ಆ ರೂಪಕ್ಕೆ ತರಬೇಕು. ಮುಂದೆ ತಿದ್ದುವ ಸಂಭವವಿದ್ದರೆ ಸಂಕೋಚನವಿಲ್ಲದ ವೇವ್ ರೂಪದಲ್ಲೂ ಒಂದು ಪ್ರತಿ ಇಡಬೇಕು. ಬರಿಯ ಮಾತಿಗೆ ಒಂದೇ ಚಾನೆಲ್, 64 ಕೆಬಿಪಿಎಸ್ ಸಾಕು: ಹನ್ನೆರಡು ನಿಮಿಷಕ್ಕೆ ಆರು ಎಂಬಿಯೊಳಗೆ ಮುಗಿಯುತ್ತದೆ. ಅದೇ ತುಣುಕು ಒಂದೇ ಚಾನೆಲಿನ ವೇವ್ ಆದರೆ 63 ಎಂಬಿ ದಾಟುತ್ತದೆ. ಚಂಡೆ, ಮದ್ದಳೆ, ಹಾಡುಗಾರಿಕೆ ಇದ್ದಲ್ಲಿ 128ಕ್ಕಿಂತ ಕೆಳಗೆ ಇಳಿಯಬಾರದು; ಇಳಿದರೆ ಮೊದಲು ಕೆಡುವುದು ತಾಳದ ಝಣತ್ಕಾರ. ಹಳೆಯ ಮೊಬೈಲುಗಳ ಎಎಂಆರ್ ಫೈಲುಗಳನ್ನು ಬ್ರೌಸರುಗಳು ಸಾಮಾನ್ಯವಾಗಿ ತೆರೆಯುವುದಿಲ್ಲ. ಅವನ್ನು ಮೊದಲೇ ವೇವ್‌ಗೆ ಪರಿವರ್ತಿಸಿಕೊಳ್ಳಬೇಕು.

ಸಿದ್ಧವಾದ ಫೈಲನ್ನು ಒಮ್ಮೆ ಇಯರ್‌ಫೋನಿನಲ್ಲಿ, ಒಮ್ಮೆ ಮೊಬೈಲಿನ ಸ್ಪೀಕರಿನಲ್ಲಿ ಕೇಳಿ. ಮೊದಲ ಐದು ಸೆಕೆಂಡು, ಕೊನೆಯ ಐದು ಸೆಕೆಂಡು, ನಡುವೆ ಜೋಡಿಸಿದ ಪ್ರತಿಯೊಂದು ಜಾಗ, ಇಷ್ಟನ್ನು ತಪ್ಪದೆ ಪರೀಕ್ಷಿಸಿ. ಸರಿಯಿದ್ದರೆ ಅದಕ್ಕೆ ದಿನಾಂಕ, ಊರು, ಪ್ರಸಂಗ, ಭಾಗವತರು, ಅರ್ಥಧಾರಿಗಳು ಎಂಬ ಕ್ರಮದಲ್ಲಿ ಹೆಸರು ಕೊಟ್ಟು, ಮೂಲ ಮುದ್ರಣದ ಎಷ್ಟನೆಯ ನಿಮಿಷದಿಂದ ಎಷ್ಟನೆಯ ನಿಮಿಷದವರೆಗಿನ ಭಾಗ ಇದು ಎಂಬುದನ್ನೂ ಆ ಹೆಸರಿಗೇ ಸೇರಿಸಿ, ಮೂಲದ ಪಕ್ಕದಲ್ಲಿಡಿ.