ಇಂಧನ ಭೂವಿಜ್ಞಾನ ಓದುವುದು ಹೇಗೆ: ಆಸಿಡ್ ಬಾಟಲಿ ಮೊದಲು, ಸಾಫ್ಟ್‌ವೇರ್ ಆಮೇಲೆ

ಎಣ್ಣೆ, ಅನಿಲ, ಕಲ್ಲಿದ್ದಲು, ಯುರೇನಿಯಂ, ಭೂಶಾಖ, ಜೊತೆಗೆ ಈಗೀಗ ಚಿಮಣಿಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡನ್ನು ನೆಲದೊಳಗೆ ಹೂಳುವ ಕೆಲಸ. ಇವಿಷ್ಟಕ್ಕೂ ಬೇಕಾದ ಶಿಲಾಜ್ಞಾನ ಸೇರಿದರೆ ಇಂಧನ ಭೂವಿಜ್ಞಾನ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಇದನ್ನು ಓದಲು ಹೋದ ಜಾಣ ಮಕ್ಕಳು ಪ್ರವೇಶ ಪರೀಕ್ಷೆ ಗೆದ್ದು, ಕೊನೆಯ ವರ್ಷದ ಪ್ರಬಂಧದಲ್ಲಿ ಮುಗ್ಗರಿಸುವುದನ್ನು ನೋಡುತ್ತಲೇ ಇದ್ದೇನೆ. ಆದ್ದರಿಂದ ಉಳಿದ ಹಂತಗಳನ್ನು ಬೇಗ ಮುಗಿಸಿ ಪ್ರಬಂಧದ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಹಂತ 1: ಯಾವ ಕೋರ್ಸ್, ಯಾವ ಪರೀಕ್ಷೆ

‘ಇಂಧನ ಭೂವಿಜ್ಞಾನ’ ಎಂಬ ಹೆಸರಿನ ಕೋರ್ಸನ್ನೇ ಹುಡುಕುತ್ತ ಕೂರಬೇಡಿ. ನಮ್ಮಲ್ಲಿ ಅದು ಎಂ.ಎಸ್ಸಿ. ಭೂವಿಜ್ಞಾನ, ಅನ್ವಯಿಕ ಭೂವಿಜ್ಞಾನ, ಭೂಭೌತವಿಜ್ಞಾನ ಅಥವಾ ಎಂ.ಟೆಕ್.ನ ಪೆಟ್ರೋಲಿಯಂ ವಿಭಾಗಗಳ ಹೆಸರಿನಲ್ಲಿ ಸಿಗುತ್ತದೆ. ಮನೆಗೆ ಹತ್ತಿರ ಬೇಕೆಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಕಲಬುರಗಿ ಬಳಿಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅದಕ್ಕೆ ಸಿಯುಇಟಿ-ಪಿಜಿ ಬರೆಯಬೇಕು. ಮುಂಬಯಿ, ಧನಬಾದ್, ರೂರ್ಕಿಯ ಐಐಟಿಗಳಲ್ಲಿ ಎಂ.ಎಸ್ಸಿ. ಓದಲು ಫೆಬ್ರವರಿಯಲ್ಲಿ ನಡೆಯುವ ಜಾಮ್, ಎಂ.ಟೆಕ್.ಗೆ ಗೇಟ್. ಗೇಟ್ ಅಂಕಕ್ಕೆ 3 ವರ್ಷ ಮಾನ್ಯತೆ ಇರುವುದರಿಂದ ಅಂತಿಮ ವರ್ಷದಲ್ಲೇ ಬರೆದುಬಿಡಿ.

ನಮ್ಮ ಕಡೆಯ ಬಹಳಷ್ಟು ಕಾಲೇಜುಗಳಲ್ಲಿ ಬಿ.ಎಸ್ಸಿ.ಗೆ ಭೂವಿಜ್ಞಾನವೇ ಇಲ್ಲ. ಅಷ್ಟಕ್ಕೇ ಎದೆಗುಂದಬೇಕಿಲ್ಲ. ಭೌತಶಾಸ್ತ್ರ, ಗಣಿತ ಓದಿದವರು ಭೂಭೌತವಿಜ್ಞಾನದತ್ತ ತಿರುಗಿ. ಅರ್ಹತೆಯ ಸಾಲನ್ನು ಮಾತ್ರ ನೀವೇ ಓದಿ, ಗೆಳೆಯರ ಮಾತು ನಂಬಬೇಡಿ.

ಹಂತ 2: ಕಾಗದಪತ್ರ

ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ತೆಗೆಸಿಡಿ. ಹಿಂದುಳಿದ ವರ್ಗದವರಿಗೆ ಕೇಂದ್ರ ಸಂಸ್ಥೆಗಳು ಕೇಳುವ ನಮೂನೆ ಬೇರೆಯೇ ಇರುತ್ತದೆ.

ಹಂತ 3: ತರಗತಿಗಿಂತ ಮುಂಚೆ ಕಲ್ಲು

ಪ್ರವೇಶ ಸಿಕ್ಕಿ ತರಗತಿ ಶುರುವಾಗುವವರೆಗಿನ ಬಿಡುವನ್ನು ಹಾಳು ಮಾಡಬೇಡಿ. ಬಾದಾಮಿಯ ಗುಹೆಗಳನ್ನು ಕೊರೆದ ಮರಳುಗಲ್ಲು, ಬಾಗಲಕೋಟೆ–ಲೋಕಾಪುರ ಕಡೆಯ ಸುಣ್ಣಕಲ್ಲು ಮತ್ತು ಅದನ್ನೇ ಹೋಲುವ ಡಾಲೊಮೈಟ್, ವಿಜಯಪುರದ ಬಹುಭಾಗವನ್ನು ಮುಚ್ಚಿರುವ ಬಸಾಲ್ಟ್ (ಲಾವಾ ತಣಿದು ಗಟ್ಟಿಯಾದ ಕಪ್ಪು ಕಲ್ಲು), ಎಲ್ಲವೂ ಒಂದು ದಿನದ ಬಸ್ ಪ್ರಯಾಣದ ಒಳಗಿವೆ. ಬೇರೆ ರಾಜ್ಯದ ವಿದ್ಯಾರ್ಥಿಗಳು ಇವುಗಳಲ್ಲಿ ಕಲಾದಗಿ ಜಲಾನಯನದ (ಬಹು ಹಿಂದೆ ಮರಳು, ಕೆಸರು ತುಂಬಿ ಕಲ್ಲಾದ ತಗ್ಗಿನ) ಮರಳುಗಲ್ಲು, ಸುಣ್ಣಕಲ್ಲುಗಳನ್ನು ನೋಡಲು ರೈಲು ಹತ್ತಿ ಬರುತ್ತಾರೆ; ಇಲ್ಲಿಯೇ ಹುಟ್ಟಿದವರು ನೋಡದೆ ಹೋಗುತ್ತಾರೆ.

ಬೇಕಾದ ಸಾಮಾನು ಕಡಿಮೆ: ಸುತ್ತಿಗೆ, ನೋಟ್‌ಬುಕ್, ಲೆನ್ಸ್, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಪುಟ್ಟ ಬಾಟಲಿ. ಲೆನ್ಸ್ 10 ಪಟ್ಟಿನದಿರಲಿ. ಆನ್‌ಲೈನ್ ಅಂಗಡಿಗಳಲ್ಲಿ ‘60 ಪಟ್ಟು’ ಎಂದು ಬರೆದು, ಬಲ್ಬು ಸಿಕ್ಕಿಸಿ ಮಾರುವ ಲೆನ್ಸುಗಳಲ್ಲಿ ಅಂಚೆಲ್ಲ ಮಸುಕು, ಕಾಣುವ ಜಾಗ ಸಾಸಿವೆ ಕಾಳಿನಷ್ಟು. ಆ ದುಡ್ಡು ದಂಡ.

ಆಮ್ಲದ ಪರೀಕ್ಷೆಯನ್ನು ಹೀಗೆ ಮಾಡಿ. ಕಲ್ಲಿನ ಹೊರಮೈ ಬಿಟ್ಟು, ಸುತ್ತಿಗೆಯಿಂದ ಒಡೆದ ಹೊಸ ಮೈಮೇಲೆ ಒಂದು ಹನಿ ಬಿಡಿ. ಕೂಡಲೇ ಬುರುಬುರು ನೊರೆ ಎದ್ದರೆ ಸುಣ್ಣಕಲ್ಲು. ಏನೂ ಆಗದಿದ್ದರೆ ಚಾಕುವಿನಿಂದ ಕೆರೆದು ಪುಡಿ ಮಾಡಿ, ಪುಡಿಯ ಮೇಲೆ ಇನ್ನೊಂದು ಹನಿ ಬಿಡಿ. ಈಗ ಮೆಲ್ಲಗೆ ಗುಳ್ಳೆ ಬಂದರೆ ಡಾಲೊಮೈಟ್. ಕಣ್ಣಿಗೆ ಎರಡೂ ಒಂದೇ ಬೂದು ಬಣ್ಣ. ಇವೆರಡರ ವ್ಯತ್ಯಾಸ ಮುಂದೆ ಪ್ರಬಂಧದಲ್ಲಿ ಬರುತ್ತದೆ, ಆದ್ದರಿಂದ ಕೈಯಾರೆ ಮಾಡಿ ನೋಡಿ. ಕನ್ನಡಕ ಹಾಕಿಕೊಳ್ಳಿ, ಬಾಟಲಿಯನ್ನು ಪ್ಯಾಂಟಿನ ಜೇಬಿನಲ್ಲಿ ಇಡಬೇಡಿ.

ಹಂತ 4: ಪ್ರಬಂಧ

ಎಲ್ಲರೂ ಎಡವುವುದು ಇಲ್ಲಿ. ಮೊದಲು ಶೀರ್ಷಿಕೆ ಬರೆದು, ಆಮೇಲೆ ದತ್ತಾಂಶಕ್ಕೆ ಅಲೆಯುತ್ತಾರೆ. ಇದನ್ನು ತಿರುಗಿಸಿ. ಕೈಯಲ್ಲಿ ಯಾವ ದತ್ತಾಂಶವಿದೆಯೋ ಅದು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು ಎಂದು ಕೇಳಿ. ಶೀರ್ಷಿಕೆ ಕೊನೆಗೆ ಬರಲಿ.

ಎಣ್ಣೆ ಕಂಪನಿಯ ದತ್ತಾಂಶ ಸಿಗಲಿಲ್ಲ ಎಂಬ ಗೋಳಿಗೆ ಈಗ ಅರ್ಥವಿಲ್ಲ. ನಾರ್ವೆಯ ವೋಲ್ವೆ ತೈಲಕ್ಷೇತ್ರದ ಬಾವಿ ಹಾಗೂ ಭೂಕಂಪನ ದತ್ತಾಂಶವನ್ನು (ನೆಲಕ್ಕೆ ಕೃತಕ ಕಂಪನ ಕಳಿಸಿ ಒಳಗಿನ ಪದರಗಳನ್ನು ಗುರುತಿಸಿದ ಅಳತೆ) ಇಕ್ವಿನಾರ್ ಕಂಪನಿ 2018ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟಿತು. ನೆದರ್‌ಲ್ಯಾಂಡ್ಸ್‌ನ ಎಫ್3 ಎಂಬ ಸಮುದ್ರ ಬ್ಲಾಕಿನ ದತ್ತಾಂಶವೂ ಉಚಿತ. ನಮ್ಮ ದೇಶದ ಭೂನಕ್ಷೆಗಳು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಜಾಲತಾಣದಲ್ಲಿವೆ.

ಇನ್ನು ಬಾವಿಯ ಲಾಗ್. ಕೊರೆದ ರಂಧ್ರಕ್ಕೆ ಉಪಕರಣ ಇಳಿಸಿ ಶಿಲೆಯ ಗುಣಗಳನ್ನು ಅಳೆದ ಪಟ್ಟಿ ಇದು. ನೋಡುವ ಕ್ರಮ ತಪ್ಪಿದರೆ ಮುಂದಿನದೆಲ್ಲ ತಪ್ಪು. ಮೊದಲು ರಂಧ್ರದ ಅಗಲ ತೋರಿಸುವ ಕ್ಯಾಲಿಪರ್ ನೋಡಿ. ಗೋಡೆ ಕುಸಿದು ಅಗಲವಾದ ಕಡೆ ಸಾಂದ್ರತೆಯ ಅಳತೆ ನಂಬಲು ಬಾರದು, ಆ ಭಾಗ ಬಿಟ್ಟುಬಿಡಿ. ಎರಡನೆಯದು ಗಾಮಾ ಕಿರಣ: ಜೇಡಿಶಿಲೆಯಲ್ಲಿ ಹೆಚ್ಚು, ಶುದ್ಧ ಮರಳುಗಲ್ಲಿನಲ್ಲಿ ಕಡಿಮೆ. ಆದರೆ ಪೊಟ್ಯಾಸಿಯಂ ತುಂಬಿದ ಫೆಲ್ಡ್‌ಸ್ಪಾರ್ ಖನಿಜ ಇದ್ದರೆ ಮರಳುಗಲ್ಲೂ ಜೇಡಿಶಿಲೆಯ ವೇಷ ಹಾಕುತ್ತದೆ. ಇಷ್ಟಾದ ಮೇಲೆ ಸಾಂದ್ರತೆ, ರಂಧ್ರಗಳ ಸುಳಿವು ಕೊಡುವ ನ್ಯೂಟ್ರಾನ್ ಲಾಗ್, ಕೊನೆಗೆ ವಿದ್ಯುತ್ ರೋಧ.

ಒಂದು ಲೆಕ್ಕ ಮಾಡಿ ನೋಡೋಣ. ಲಾಗ್‌ನಲ್ಲಿ ಸಾಂದ್ರತೆ ಘನ ಸೆಂಟಿಮೀಟರಿಗೆ 2.55 ಗ್ರಾಂ ಇದೆ ಎನ್ನಿ. ಶಿಲೆಯ ಗಟ್ಟಿ ಭಾಗದ ಸಾಂದ್ರತೆಯಿಂದ ಇದನ್ನು ಕಳೆದು, ಬಂದದ್ದನ್ನು ಗಟ್ಟಿ ಭಾಗ ಮತ್ತು ದ್ರವದ ಸಾಂದ್ರತೆಗಳ ವ್ಯತ್ಯಾಸದಿಂದ ಭಾಗಿಸಿದರೆ ಸರಂಧ್ರತೆ, ಅಂದರೆ ಶಿಲೆಯಲ್ಲಿ ರಂಧ್ರಗಳ ಪಾಲು, ಸಿಗುತ್ತದೆ. ದ್ರವಕ್ಕೆ 1 ಇಟ್ಟುಕೊಳ್ಳಿ. ಸುಣ್ಣಕಲ್ಲು ಎಂದು 2.71 ಹಾಕಿದರೆ ಸರಂಧ್ರತೆ ಶೇ 9.4. ಡಾಲೊಮೈಟ್ ಎಂದು 2.87 ಹಾಕಿದರೆ ಶೇ 17.1. ಅದೇ ಬಾವಿ, ಅದೇ ಆಳ, ಅದೇ ಅಳತೆ, ಉತ್ತರ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟು!

ಸರಂಧ್ರತೆ ಮತ್ತು ವಿದ್ಯುತ್ ರೋಧದಿಂದ ರಂಧ್ರಗಳಲ್ಲಿ ನೀರೆಷ್ಟು ಎಂದು ತಿಳಿಸುವ 1942ರ ಆರ್ಚಿ ಸಮೀಕರಣಕ್ಕೆ ಈ ಅಂಕಿಯನ್ನು ಹಾಕಿ. ಘಾತಾಂಕಗಳು 2, ನೀರಿನ ರೋಧ 0.05, ಶಿಲೆಯ ರೋಧ 50 ಓಮ್-ಮೀಟರ್ ಎಂದುಕೊಂಡರೆ ರಂಧ್ರಗಳಲ್ಲಿ ನೀರಿನ ಪಾಲು ಮೊದಲ ಲೆಕ್ಕದಲ್ಲಿ ಸುಮಾರು ಶೇ 34, ಎರಡನೆಯದರಲ್ಲಿ ಶೇ 18 ಮಾತ್ರ. ಉಳಿದದ್ದು ಎಣ್ಣೆ ಎಂದು ಬರೆದರೆ, ಶಿಲೆಯ ಹೆಸರು ತಪ್ಪಿದ್ದಕ್ಕೇ ಎಣ್ಣೆಯ ಪ್ರಮಾಣ ಎರಡು ಪಟ್ಟಿಗಿಂತ ಹೆಚ್ಚಾಗಿಬಿಡುತ್ತದೆ. ಸಾಫ್ಟ್‌ವೇರ್ ಎರಡಕ್ಕೂ ಒಂದೇ ಬಗೆಯ ಸುಂದರ ಚಿತ್ರ ಬಿಡಿಸಿ ಕೊಡುತ್ತದೆ, ತಕರಾರು ಎತ್ತುವುದಿಲ್ಲ.

ಹಾಗಾದರೆ ಬಾವಿಯೊಳಗಿನ ಕಲ್ಲು ಯಾವುದೆಂದು ತಿಳಿಯುವುದು ಹೇಗೆ? ಕೊರೆಯುವಾಗ ಮೇಲೆ ಬಂದ ಚೂರುಗಳ ವರದಿ ಓದಿ. ಅಲ್ಲೂ ಇದೇ ಆಮ್ಲದ ಹನಿಯ ಪರೀಕ್ಷೆ ಮಾಡಿರುತ್ತಾರೆ. ಶಿಲೆಯ ಖನಿಜಕ್ಕೆ ತಕ್ಕಂತೆ ಬದಲಾಗುವ ದ್ಯುತಿವಿದ್ಯುತ್ ಲಾಗ್ ಇದ್ದರೆ ಸುಣ್ಣಕಲ್ಲು 5ರ ಹತ್ತಿರ, ಡಾಲೊಮೈಟ್ 3ರ ಹತ್ತಿರ, ಮರಳುಗಲ್ಲು 2ಕ್ಕಿಂತ ಕೆಳಗೆ ತೋರಿಸುತ್ತದೆ. ಕೊರೆಯುವ ಕೆಸರಿನಲ್ಲಿ ಬೆರೈಟ್ ಎಂಬ ಭಾರದ ಖನಿಜ ಇದ್ದರೆ ಈ ಲಾಗ್ ಕೆಡುತ್ತದೆ, ಅದನ್ನೂ ಲಾಗ್‌ನ ತಲೆಬರಹದಲ್ಲಿ ನೋಡಿಕೊಳ್ಳಿ. ಆ ತಲೆಬರಹವನ್ನು ಯಾರೂ ಓದುವುದಿಲ್ಲ.

ಸಾಫ್ಟ್‌ವೇರ್ ವಿಷಯಕ್ಕೆ ಬಂದದ್ದರಿಂದ ಒಂದು ಮಾತು. ಎಣ್ಣೆ ಕಂಪನಿಗಳು ಬಳಸುವ ಪೆಟ್ರೆಲ್ ಸಾಫ್ಟ್‌ವೇರಿನ ಕಳ್ಳ ನಕಲು ಬೇಡವೇ ಬೇಡ. ಭೂಕಂಪನ ದತ್ತಾಂಶಕ್ಕೆ ಓಪನ್‌ಡಿಟೆಕ್ಟ್, ನಕ್ಷೆಗೆ ಕ್ಯೂಜಿಐಎಸ್, ಲೆಕ್ಕಕ್ಕೆ ಪೈಥಾನ್ ಮೂರೂ ಉಚಿತ, ಪ್ರಬಂಧಕ್ಕೆ ಧಾರಾಳ ಸಾಕು. ‘15 ದಿನದಲ್ಲಿ ತೈಲಾಶಯ ತಜ್ಞರಾಗಿ’ ಎಂಬ ಪ್ರಮಾಣಪತ್ರದ ಕೋರ್ಸುಗಳಿಗೆ ಅಪ್ಪನ ಕಬ್ಬಿನ ಬಿಲ್ಲಿನ ಹಣ ಸುರಿಯಬೇಡಿ.

ಊರಿನ ಹತ್ತಿರವೇ ವಿಷಯ ಬೇಕೆಂದರೆ ಬಸಾಲ್ಟ್ ಹಿಡಿಯಿರಿ. ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ಯೋಜನೆಯಲ್ಲಿ 2012ರಲ್ಲಿ ನೀರಿನಲ್ಲಿ ಕರಗಿಸಿ ಬಸಾಲ್ಟಿಗೆ ಇಳಿಸಿದ ಇಂಗಾಲದ ಡೈಆಕ್ಸೈಡಿನ ಶೇ 95ಕ್ಕೂ ಹೆಚ್ಚು ಪಾಲು ಎರಡು ವರ್ಷದೊಳಗೆ ಖನಿಜವಾಗಿ ಗಟ್ಟಿಯಾಯಿತು. ವಿಜಯಪುರ ಜಿಲ್ಲೆಯಲ್ಲಿ ಬಸಾಲ್ಟೂ ಇದೆ, ಕೂಡಗಿಯ 2,400 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವೂ ಇದೆ. ಇದನ್ನು ಓದಿದ ತಕ್ಷಣ ‘ಡೆಕ್ಕನ್ ಟ್ರ್ಯಾಪ್‌ನಲ್ಲಿ ಇಂಗಾಲ ಸಂಗ್ರಹದ ಸಾಮರ್ಥ್ಯ’ ಎಂದು ಶೀರ್ಷಿಕೆ ಬರೆಯುವವರಿದ್ದಾರೆ. ಡೆಕ್ಕನ್ ಟ್ರ್ಯಾಪ್ ಎಂದರೆ ಈ ಬಸಾಲ್ಟಿನದೇ ಲಕ್ಷಾಂತರ ಚದರ ಕಿಲೋಮೀಟರಿನ ಶಿಲಾಸ್ತರ, ಅದೂ ನಮ್ಮ ಅಂಚಿನಲ್ಲಿ ತೆಳುವಾಗುತ್ತ ಬರುವಂಥದ್ದು. ಕೆಲವೇ ತಿಂಗಳಲ್ಲಿ ಮುಗಿಯುವ ಮಾತಲ್ಲ.

ಅದರ ಬದಲು ಜಲ್ಲಿಗಾಗಿ ಒಡೆದ ಒಂದೇ ಕ್ವಾರಿಗೆ ಮಾಲೀಕರ ಒಪ್ಪಿಗೆ ಪಡೆದು ಹೋಗಿ. ಗೋಡೆಯಲ್ಲಿ ಲಾವಾದ ಒಂದೊಂದು ಹರಿವೂ ಬೇರೆಯಾಗಿ ಕಾಣುತ್ತದೆ: ನಡುವೆ ಗಟ್ಟಿ ಕಲ್ಲು, ಮೇಲ್ಭಾಗದಲ್ಲಿ ಅನಿಲದ ಗುಳ್ಳೆ ಬಿಟ್ಟುಹೋದ ತೂತುಗಳು. ಆ ತೂತುಗಳಲ್ಲಿ ಖಾಲಿ ಎಷ್ಟು, ಬಿಳಿ ಜಿಯೋಲೈಟ್ ಖನಿಜ ತುಂಬಿದ್ದು ಎಷ್ಟು, ಕ್ಯಾಲ್ಸೈಟ್ (ಸುಣ್ಣಕಲ್ಲಿನ ಖನಿಜ) ತುಂಬಿದ್ದು ಎಷ್ಟು ಎಂದು ಚೌಕ ಹಾಕಿ ಎಣಿಸಿ. ಬಿಳಿ ಕಂಡದ್ದೆಲ್ಲ ಜಿಯೋಲೈಟ್ ಎಂದು ಬರೆಯಬೇಡಿ. ಆಮ್ಲದ ಹನಿಗೆ ನೊರೆ ಬಂದದ್ದು ಕ್ಯಾಲ್ಸೈಟ್. ‘ಈ ಹರಿವಿನಲ್ಲಿ ದ್ರವ ನುಗ್ಗಲು ಜಾಗ ಎಷ್ಟು ಉಳಿದಿದೆ?’ ಎಂಬ ಪ್ರಶ್ನೆಗೆ ಇದು ಸಾಕು.

ಹಂತ 5: ಮುಂದೆ

ಯುಪಿಎಸ್‌ಸಿ ನಡೆಸುವ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆಯಿಂದ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಮತ್ತು ಕೇಂದ್ರ ಅಂತರ್ಜಲ ಮಂಡಳಿಗೆ ಆಯ್ಕೆಯಾಗುತ್ತದೆ. ಅಲ್ಲಿನ ಭೂಭೌತವಿಜ್ಞಾನಿ ಹುದ್ದೆಗೆ ಎಂ.ಎಸ್ಸಿ. ಭೌತಶಾಸ್ತ್ರದವರೂ ಅರ್ಹರು. ಓಎನ್‌ಜಿಸಿ, ಆಯಿಲ್ ಇಂಡಿಯಾ ತಮ್ಮದೇ ಅಧಿಸೂಚನೆ ಹೊರಡಿಸುತ್ತವೆ, ಆಯ್ಕೆಯ ವಿಧಾನ ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಸಂದರ್ಶನಕ್ಕೆ ಪ್ರಬಂಧದ ಪ್ರತಿಯ ಜೊತೆ ಕ್ಷೇತ್ರದ ನೋಟ್‌ಬುಕ್ಕನ್ನೂ ಒಯ್ಯಿರಿ.