ಕಂಪನಿಯ ಪರಿಸರ ವರದಿ ಓದುವುದು ಹೇಗೆ? ನೀರಿನ ಪಟ್ಟಿಯಿಂದ ಶುರು ಮಾಡಿ

ನಾನು ಮೂವತ್ತು ವರ್ಷ ಲೆಕ್ಕ ಬರೆದವನು. ಈಗ ನಮ್ಮ ಮನೆ ಇರುವುದು ಬೆಂಗಳೂರಿನ ಹೊರಗೆ, ಒಂದು ಕೈಗಾರಿಕಾ ಪ್ರದೇಶದ ಪಕ್ಕ. ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್ ಬತ್ತುತ್ತದೆ. ಬೆಳಗ್ಗೆ ಐದಕ್ಕೇ ಟ್ಯಾಂಕರ್‌ಗಳು ನೀರು ತುಳುಕಿಸುತ್ತಾ ಫ್ಯಾಕ್ಟರಿ ಗೇಟಿನೊಳಗೆ ಹೋಗುತ್ತವೆ. ಆ ನೀರು ಯಾರ ಲೆಕ್ಕದಲ್ಲಿ ಬರುತ್ತದೆ ಅಂತ ಹುಡುಕುತ್ತಾ ಈ ವರದಿಗಳನ್ನು ಓದುವುದು ಕಲಿತೆ.

ಷೇರುಪೇಟೆಯಲ್ಲಿರುವ ಅತಿ ದೊಡ್ಡ 1000 ಕಂಪನಿಗಳು 2022-23ರಿಂದ ಪ್ರತಿ ವರ್ಷ ಬಿಆರ್‌ಎಸ್‌ಆರ್ ಎಂಬ ವರದಿ, ಅಂದರೆ ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ, ಕೊಡಬೇಕು. ಇದು ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮ. ಬಹುರಾಷ್ಟ್ರೀಯ ಕಂಪನಿಗಳ ಇಲ್ಲಿನ ಅಂಗಸಂಸ್ಥೆಗಳೂ ಪೇಟೆಯಲ್ಲಿದ್ದರೆ ಕೊಡುತ್ತವೆ. ಕಂಪನಿಯ ವೆಬ್‌ಸೈಟಿನಲ್ಲಿ ವಾರ್ಷಿಕ ವರದಿ ತೆಗೆಯಿರಿ, ಇದು ಅದರೊಳಗೇ ಇರುತ್ತದೆ. ಸಸಿ ನೆಡುವ ಫೋಟೋಗಳನ್ನು ದಾಟಿ ನೇರ 'ಪ್ರಿನ್ಸಿಪಲ್ 6'ಕ್ಕೆ ಹೋಗಿ. ಪರಿಸರದ ಅಂಕಿಅಂಶವೆಲ್ಲ ಅಲ್ಲೇ ಇದೆ.

ಮೊದಲು ನೀರು. ಎಲ್ಲಿಂದ ತೆಗೆದರು ಅನ್ನುವುದು ಸಾಲು ಸಾಲಾಗಿ ಇರುತ್ತದೆ: ನದಿ-ಕೆರೆ, ಅಂತರ್ಜಲ, ಹೊರಗಿನವರಿಂದ ಪಡೆದದ್ದು, ಸಮುದ್ರ. ಆ 'ಹೊರಗಿನವರಿಂದ' ಸಾಲಿನ ಮೇಲೆ ಬೆರಳಿಡಿ. ಕೊಂಡ ಟ್ಯಾಂಕರ್ ನೀರು ಸೇರುವುದು ಅಲ್ಲಿಗೆ. ಅದೂ ಯಾವುದೋ ಹಳ್ಳಿಯ ಬೋರ್‌ವೆಲ್ ನೀರೇ ಆಗಿರಬಹುದು, ಆದರೆ ಅಂತರ್ಜಲದ ಸಾಲಿನಲ್ಲಿ ಕಾಣುವುದಿಲ್ಲ. ಲೆಕ್ಕ ಕಿಲೋಲೀಟರಿನಲ್ಲಿರುತ್ತದೆ. ನಮ್ಮ ಬೀದಿಗೆ ಬರುವ ಟ್ಯಾಂಕರ್ ಆರು ಸಾವಿರ ಲೀಟರಿನದು, ಅಂದರೆ 6 ಕಿಲೋಲೀಟರ್. ಅದರಿಂದ ಭಾಗಿಸಿ ನೋಡಿ, ಅಂಕಿ ಕಣ್ಣಿಗೆ ಕಟ್ಟುತ್ತದೆ.

ಮುಂದೆ 'ಇಂಟೆನ್ಸಿಟಿ', ಅಂದರೆ ವ್ಯಾಪಾರದ ಪ್ರತಿ ರೂಪಾಯಿಗೆ ಎಷ್ಟು ನೀರು ಅನ್ನುವ ಲೆಕ್ಕ. ಇಲ್ಲೇ ಜಾಸ್ತಿ ಜನ ಎಡವುವುದು. ಕಳೆದ ವರ್ಷ 100 ಕೋಟಿ ವ್ಯಾಪಾರಕ್ಕೆ 100 ಕಿಲೋಲೀಟರ್ ಬಳಸಿದರು, ಈ ವರ್ಷ 150 ಕೋಟಿಗೆ 120 ಅಂದುಕೊಳ್ಳಿ. ಕೋಟಿಗೆ ಲೆಕ್ಕ ಹಾಕಿದರೆ ಶೇ 20 ಉಳಿತಾಯ. ಸುಳ್ಳಲ್ಲ. ಆದರೆ ನೆಲದಿಂದ ಹೋದದ್ದು 20 ಕಿಲೋಲೀಟರ್ ಜಾಸ್ತಿಯೇ ಅಲ್ವಾ? ನಾನು ಯಾವಾಗಲೂ ಒಟ್ಟು ಮೊತ್ತವನ್ನೇ ನೋಡುತ್ತೇನೆ. ಹೊಗೆ, ಕರೆಂಟು, ಕಸದ ಲೆಕ್ಕಕ್ಕೂ ಇದೇ ಮಾತು.

ಷೇರುಪೇಟೆಯಲ್ಲಿ ಇಲ್ಲದ ಕಂಪನಿಯಾದರೆ? 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆಯಡಿ ಪರಿಸರ ಅನುಮತಿ ಪಡೆದಿದ್ದರೆ, ಷರತ್ತುಗಳನ್ನು ಪಾಲಿಸಿದ ವರದಿಯನ್ನು ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ, ಕೇಳಿ ಪಡೆಯಿರಿ.

ಓದಿ ಸುಮ್ನೆ ಮುಚ್ಚಿಡಬೇಡಿ. ಬಿಆರ್‌ಎಸ್‌ಆರ್‌ನ ಮೊದಲ ಭಾಗದಲ್ಲೇ ಪ್ರಶ್ನೆಗಳಿಗೆ ಉತ್ತರಿಸುವವರ ಹೆಸರು, ಇಮೇಲ್ ಇರುತ್ತದೆ. ನಾನು ಕೇಳುವುದು ಇಷ್ಟೇ: "ಹೊರಗಿನವರಿಂದ ಪಡೆದ ಈ ನೀರು ಯಾವ ಊರಿನ ಬೋರ್‌ವೆಲ್‌ನದು?"